ಎಲಿ ನೋಮ್ ದಾಟಿಹೋದ ಪ್ರಶ್ನೆ

ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಲಿ ನೋಮ್ 1995ರ ಅಕ್ಟೋಬರಿನಲ್ಲಿ 'ಸೈನ್ಸ್' ಪತ್ರಿಕೆಗೆ ಬರೆದ 'ಎಲೆಕ್ಟ್ರಾನಿಕ್ಸ್ ಅಂಡ್ ದ ಡಿಮ್ ಫ್ಯೂಚರ್ ಆಫ್ ದ ಯೂನಿವರ್ಸಿಟಿ' ಪ್ರಬಂಧದ ಕಸುವು ಇಂದಿಗೂ ಕುಂದಿಲ್ಲ. ವಿಶ್ವವಿದ್ಯಾಲಯಕ್ಕೆ ಮೂರು ಕೆಲಸ: ಜ್ಞಾನ ಸೃಷ್ಟಿಸುವುದು, ಕಾಪಿಡುವುದು, ದಾಟಿಸುವುದು. ಗ್ರಂಥಗಳಿದ್ದ ಕಡೆಗೆ ವಿದ್ವಾಂಸರು ಹೋದರು, ವಿದ್ವಾಂಸರಿದ್ದ ಕಡೆಗೆ ವಿದ್ಯಾರ್ಥಿಗಳು ಹೋದರು. ಕಂಪ್ಯೂಟರ್ ಜಾಲ ಬಂದ ಮೇಲೆ ಮಾಹಿತಿಯೇ ಜನರಿದ್ದಲ್ಲಿಗೆ ಬರತೊಡಗಿತು. ಇನ್ನು ಕ್ಯಾಂಪಸ್ಸಿನ ಆರ್ಥಿಕ ತಳಪಾಯ ಅಲುಗದೆ ಇರದು ಎಂದರು ನೋಮ್. ವೆಬ್ ಆಗಷ್ಟೇ ಅಂಬೆಗಾಲಿಡುತ್ತಿತ್ತು. ಅಷ್ಟು ಬೇಗ ಇಷ್ಟು ದೂರ ಕಂಡದ್ದು ಸಣ್ಣ ಮಾತಲ್ಲ. ಎರಡು ವರ್ಷದ ಬಳಿಕ ನಿರ್ವಹಣಾ ಚಿಂತಕ ಪೀಟರ್ ಡ್ರಕರ್, ಮೂವತ್ತು ವರ್ಷಗಳಲ್ಲಿ ದೊಡ್ಡ ಕ್ಯಾಂಪಸ್‌ಗಳೆಲ್ಲ ಪಳೆಯುಳಿಕೆಯಾಗುತ್ತವೆ ಎಂದು 'ಫೋರ್ಬ್ಸ್' ಪತ್ರಿಕೆಯಲ್ಲಿ ಸಾರಿದರು. ನೋಮ್ ಅವರಲ್ಲಿರುವ ತರ್ಕದ ತಾಳ್ಮೆ ಅದರಲ್ಲಿಲ್ಲ.

ಆದರೂ ಆ ತರ್ಕದ ಒಂದು ಕೊಂಡಿ ಸಡಿಲ. ಪಾಠಕ್ಕೆ ಬೇರೆ ದಾರಿಯೂ, ಪದವಿಗೆ ಸಮನಾದ ಬೇರೆ ಮಾನ್ಯತೆಯೂ ಸಿಕ್ಕರೆ ಜನ ಕ್ಯಾಂಪಸ್ ಬಿಟ್ಟು ಹೋಗುತ್ತಾರೆ ಎನ್ನುತ್ತಾರೆ ಅವರು. ಮೊದಲನೆಯದನ್ನು ಎಂಜಿನಿಯರುಗಳು ಕಟ್ಟಿಕೊಡಬಲ್ಲರು. ಎರಡನೆಯದು ಸಮಾಜ ಯಾರ ಮೊಹರನ್ನು ನಂಬುತ್ತದೆ ಎಂಬ ಪ್ರಶ್ನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಅವರು ಮುಂದೆ ಸಾಗುತ್ತಾರೆ.

ಇವೆರಡರ ಅಂತರ 2011ರಲ್ಲಿ ಕಣ್ಣಿಗೆ ಬಿತ್ತು. ಆ ವರ್ಷ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದರು. ಸೇರಿದವರು ಸುಮಾರು 1,60,000, ಮುಗಿಸಿದವರು ಸುಮಾರು 23,000. ಮುಗಿಸಿದವರ ಕೈಗೆ ಬಂದದ್ದು ಬೋಧಕರ ಒಂದು ಪತ್ರ. ಸ್ಟ್ಯಾನ್‌ಫರ್ಡಿನ ಕ್ರೆಡಿಟ್ ಸಿಗಲಿಲ್ಲ. ಇತ್ತ ಸ್ಟ್ಯಾನ್‌ಫರ್ಡಿನಲ್ಲೇ ಆ ಕೋರ್ಸಿಗಿದ್ದ ಸುಮಾರು 200 ವಿದ್ಯಾರ್ಥಿಗಳಲ್ಲಿ ತರಗತಿಗೆ ಬರುವವರು 30ರ ಆಸುಪಾಸಿಗೆ ಇಳಿದರು, ಉಳಿದವರಿಗೆ ವಿಡಿಯೊವೇ ಹಿಡಿಸಿತು ಎಂದು ಥ್ರನ್ ಹೇಳಿದ್ದಾರೆ. ಉಪನ್ಯಾಸಕ್ಕೆ ಕೊಠಡಿ ಬೇಡ ಎಂಬ ನೋಮ್ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಕೊಠಡಿ ಬಿಟ್ಟ ಹುಡುಗರು ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳಾಗಿಯೇ ಉಳಿದರು!

ಕ್ಯಾಂಪಸ್ಸಿನ ಮುಂದಿನ ಬಲ ಇರುವುದು ಮಾರ್ಗದರ್ಶನದಲ್ಲಿ, ಒಡನಾಟದಲ್ಲಿ ಎಂದು ನೋಮ್ ಕೊನೆಗೆ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೇನೆ. ಆ ಒಡನಾಟ ಯಾರ ಪಾಲಿಗೆ ಎಂದು ಮಾತ್ರ ಅವರು ಕೇಳುವುದಿಲ್ಲ. ಮೇಷ್ಟ್ರ ಎದುರು ಕೂತು ತಪ್ಪು ತಿದ್ದಿಸಿಕೊಳ್ಳುವ ಭಾಗ್ಯ ಉಳ್ಳವರಿಗೆ, ಪರದೆ ಮಿಕ್ಕವರಿಗೆ ಎಂದಾದರೆ ಅದನ್ನು ಶಿಕ್ಷಣದ ವಿಸ್ತರಣೆ ಎನ್ನಲಾಗದು. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಇತಿಹಾಸಕಾರ ಡೇವಿಡ್ ನೋಬಲ್ 'ಡಿಜಿಟಲ್ ಡಿಪ್ಲೊಮಾ ಮಿಲ್ಸ್' ಬರಹದಲ್ಲಿ ತೊಂಬತ್ತರ ದಶಕ ಮುಗಿಯುವ ಮೊದಲೇ ಈ ಆತಂಕವನ್ನು ದಾಖಲಿಸಿದ್ದರು. ನೋಮ್ ಪ್ರಬಂಧವನ್ನು ಪಠ್ಯವಾಗಿ ಇಡುವ ಶಿಕ್ಷಣ ವಿಭಾಗಗಳು ಇದನ್ನೂ ಅದರ ಪಕ್ಕದಲ್ಲಿಡಬೇಕು.