ಉಳಿದವರ ಮಾತು: ಹೊಯ್ಸಳರ ಮರಣಶಾಸನಗಳ ಓದಿನಲ್ಲಿ ಒಂದು ಕೊರತೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕೆ ನಿಂತಿರುವ ಕುವರಲಕ್ಷ್ಮನ ಕಂಬವನ್ನು ನಮ್ಮ ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಲಕ್ಷ್ಮನು ಗರುಡವ್ರತವನ್ನು ಕೈಕೊಂಡವನು. ಒಡೆಯನು ಅಳಿದಲ್ಲಿ ತಾನೂ ಉಳಿಯೆನೆಂದು ಭಾಷೆಯಿತ್ತವನು. ಕ್ರಿ. ಶ. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಮಡದಿ ಸುಗ್ಗಲದೇವಿಯೊಡನೆಯೂ ಸಾವಿರ ಮಂದಿ ವೀರರೊಡನೆಯೂ ಆತನು ಪ್ರಾಣವನ್ನೊಪ್ಪಿಸಿದನೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಅರ್ಥ. ಕಂಬದ ಸುತ್ತ ತಮ್ಮ ಅಂಗಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಶಿಲ್ಪಗಳಿವೆ. ಅದರ ಮುಂದೆ ನಿಂತವನಿಗೆ ಮೊದಲು ಬರುವುದು ಬೆರಗು. ಪಠ್ಯಪುಸ್ತಕಗಳು ಆ ಬೆರಗಿನಿಂದ ಮುಂದೆ ಹೋಗುವುದಿಲ್ಲ.

ಈ ಬಗೆಯ ಶಾಸನಗಳನ್ನು ಕುರಿತ ವಿದ್ವತ್ತು ನಮ್ಮಲ್ಲಿ ಕಡಮೆಯದಲ್ಲ. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದಂದಿನಿಂದ ಆರಂಭವಾದ ಈ ಕೆಲಸವು ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ (1966) ವಿಸ್ತಾರವನ್ನೂ, ಷ. ಶೆಟ್ಟರ್ ಅವರ ಗ್ರಂಥಗಳಲ್ಲಿ ಆಳವನ್ನೂ ಪಡೆಯಿತು. 'ಸಾವಿಗೆ ಆಹ್ವಾನ', 'ಸಾವನ್ನು ಅರಸಿ' ಎಂಬ ಶೆಟ್ಟರ ಗ್ರಂಥನಾಮಗಳೇ ವಿಚಾರದ ದಿಕ್ಕನ್ನು ತೋರಿಸುತ್ತವೆ: ಮುಖವೆಲ್ಲ ಸಾಯುವವರ ಕಡೆಗೆ. ಇದು ದೋಷವೆಂದು ಹೇಳುತ್ತಿಲ್ಲ, ವಿಷಯವೇ ಹಾಗಿದೆ. ಆದರೆ ಯಾವ ಮರಣಶಾಸನವನ್ನೂ ಸತ್ತವನು ಬರೆದುದಿಲ್ಲ. ಬರೆಯಿಸಿದವನು, ಪದ್ಯ ಕಟ್ಟಿದವನು, ಕಂಡರಿಸಿದವನು, ಕಲ್ಲನ್ನು ಹೊತ್ತು ತಂದವರು, ಇವರೆಲ್ಲರೂ ಉಳಿದವರು. ಶಾಸನದ ಮಾತು ಅವರ ಮಾತು. ಇಷ್ಟು ಸರಳವಾದ ಸಂಗತಿಯನ್ನು ನಮ್ಮ ವಿಮರ್ಶೆಯು ಸಾಕಷ್ಟು ಗಮನಿಸಿಲ್ಲವೆಂಬುದೇ ನನ್ನ ಆಕ್ಷೇಪ.

ಮಾಚಿಕಬ್ಬೆಯ ಪ್ರಸಂಗವನ್ನು ನೋಡಬಹುದು. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ ಪಟ್ಟದರಸಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆಕೆ ಬೆಟ್ಟದ ತುದಿಯಿಂದ ಹಾರಿದಳೆಂದು ಜನರು ಇಂದಿಗೂ ಕಥೆ ಹೇಳುತ್ತಾರೆ. ಶಾಸನವು ದಿನವನ್ನೂ ಸ್ಥಳವನ್ನೂ ಹೇಳಿ ಸುಮ್ಮನಾಗುತ್ತದೆ. ಕಥೆಗಿಂತ ಆ ಮೌನವೇ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಮಗಳು ಹೋದ ಮೇಲೆ ತಾನಿರಲಾರೆನೆಂದು ತಾಯಿ ಮಾಚಿಕಬ್ಬೆಯು ಶ್ರವಣಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ಉಪವಾಸವಿದ್ದು ಸಂನ್ಯಸನದಿಂದ ಮುಡಿಪಿದಳು. ಇದನ್ನು ನಾವು ಧರ್ಮನಿಷ್ಠೆಯೆಂದು ಪಾಠ ಹೇಳುತ್ತೇವೆ. ಧರ್ಮನಿಷ್ಠೆ ಹೌದು. ಆದರೆ ಶಾಸನವು ಅದಕ್ಕೆ ಕೊಡುವ ಕಾರಣ ಮಗಳ ಮರಣ. ಸಲ್ಲೇಖನದ ವಿಧಿಯೊಳಗೆ ಒಬ್ಬ ತಾಯಿಯ ಸಂಕಟವು ಸೇರಿಕೊಂಡಿದೆ. ವಿಧಿಯೊಂದನ್ನೇ ಓದುವ ವಿಮರ್ಶೆಗೆ ಆ ಸಂಕಟವು ಕೇಳಿಸದು.

ಕಳೆದ ವರ್ಷ ಪ್ರವಾಸದಲ್ಲಿ ಲಕ್ಷ್ಮನ ಕಂಬದ ಬಳಿ ನಾನು ವಿವರಣೆಯನ್ನು ಮುಗಿಸಿದಾಗ, ಎರಡು ತಿಂಗಳ ಹಿಂದೆಯಷ್ಟೇ ತಂದೆಯನ್ನು ಕಳೆದುಕೊಂಡಿದ್ದ ವಿದ್ಯಾರ್ಥಿಯೊಬ್ಬನು, "ಉಳಿದವರು ಏನು ಮಾಡಿದರು, ಸಾರ್?" ಎಂದು ಕೇಳಿದನು. ಈ ಲೇಖನಕ್ಕೆ ಪ್ರೇರಣೆ ಆ ಪ್ರಶ್ನೆ. ಅದಕ್ಕೆ ಉತ್ತರವು ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಬಸ್ತಿಹಳ್ಳಿಯಲ್ಲಿದೆ.

ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಯುದ್ಧದಲ್ಲಿ ಎಷ್ಟು ಪ್ರಸಿದ್ಧನೋ ಮನೆಯಲ್ಲಿ ಅಷ್ಟು ಸಾವುಗಳನ್ನು ಕಂಡವನು. 1120ರ ಸುಮಾರಿನಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ತಾಯಿ ಪೋಚಿಕಬ್ಬೆಯೂ ಹೆಂಡತಿ ಲಕ್ಷ್ಮಿಯೂ ಸಂನ್ಯಸನದಿಂದ ಅಗಲಿದರು. ಆತನು ಅವರ ಹಿಂದೆ ಹೋಗಲಿಲ್ಲ. ಬೆಳಗೊಳದಲ್ಲಿ ಅವರಿಗೆ ನಿಷಿಧಿಗಳನ್ನು ನಿಲ್ಲಿಸಿದನು. ಇಂಥ ಕಾರ್ಯಕ್ಕೆ ಜೈನ ಶಾಸನಗಳು 'ಪರೋಕ್ಷವಿನಯ' ಎಂಬ ಮಾತನ್ನು ಬಳಸುತ್ತವೆ. ಕಣ್ಣೆದುರಿಗೆ ಇಲ್ಲದವರಿಗೆ ಸಲ್ಲಿಸುವ ವಿನಯ ಎಂದರ್ಥ. ದುಃಖ, ಶೋಕ ಎಂಬ ಮಾತುಗಳಿಗಿಂತ ಇದು ಮೇಲಾದ ಮಾತು. ದುಃಖವು ಉಳಿದವನೊಬ್ಬನದೇ, ವಿನಯಕ್ಕಾದರೋ ಇಬ್ಬರು ಬೇಕು. ಸತ್ತವರೊಡನೆ ಸಂಬಂಧವು ಕಡಿದಿಲ್ಲ, ಅದರ ರೀತಿ ಮಾತ್ರ ಬದಲಾಗಿದೆಯೆಂಬ ಭಾವವು ಈ ಶಬ್ದದಲ್ಲಿದೆ.

1133ರಲ್ಲಿ ಗಂಗರಾಜನೇ ತೀರಿಕೊಂಡಾಗ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಎತ್ತಿಸಿ, ತಂದೆಯ ಬಿರುದಿನಿಂದ ಅದಕ್ಕೆ 'ದ್ರೋಹಘರಟ್ಟ ಜಿನಾಲಯ'ವೆಂದು ಹೆಸರಿಟ್ಟನು. ಮುಂದಿನ ಕಥೆಯನ್ನು ಶಾಸನವೇ ಸ್ವಾರಸ್ಯವಾಗಿ ಹೇಳುತ್ತದೆ. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಲ್ಲಿಗೆ ಒಯ್ದರು. ಅದೇ ಸಮಯಕ್ಕೆ ದೊರೆಗೆ ಯುದ್ಧದಲ್ಲಿ ಜಯವಾಗಿದ್ದಿತು. ರಾಣಿ ಲಕ್ಷ್ಮಿದೇವಿಗೆ ಗಂಡುಮಗುವೂ ಹುಟ್ಟಿದ್ದಿತು. ದೊರೆಯು ಎದ್ದು ಗಂಧೋದಕವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಶಾಂತಲೆಯು ತೀರಿ ಆಗ್ಗೆ ಎರಡೇ ವರ್ಷ. ಆ ಮಾತನ್ನು ಶಾಸನವು ಎತ್ತುವುದಿಲ್ಲ. ಓದುವ ನಾವು ಎತ್ತಬೇಕು. ಒಂದು ಮನೆಯ ಸಾವಿಗಾಗಿ ಕಟ್ಟಿದ ಗುಡಿಯು ಇನ್ನೊಂದು ಮನೆಯ ಹುಟ್ಟಿನ ಹೆಸರನ್ನು ಹೊತ್ತುಕೊಂಡಿತು. ಬೊಪ್ಪನಿಗೆ ಇದು ಒಪ್ಪಿಗೆಯಾಯಿತೋ ನೋವಾಯಿತೋ, ಶಾಸನದ ಹಿಗ್ಗಿನ ಧಾಟಿಯಲ್ಲಿ ಅದಕ್ಕೆ ಎಡೆಯಿಲ್ಲ. ತಂದೆಯ ಬಿರುದನ್ನು ಇಂದು ಶಾಸನಾಭ್ಯಾಸಿಗಳು ಮಾತ್ರ ನೆನೆಯುತ್ತಾರೆ.

ಲಕ್ಷ್ಮನಂಥವರ ಕಾಲಧರ್ಮವೇ ಹಾಗಿದ್ದಿತು, ಬೇರೆ ದಾರಿಯಿರಲಿಲ್ಲ ಎಂದು ಕೆಲವರು ವಾದಿಸಬಹುದು. ಅರಸೀಕೆರೆಯ ಶಾಸನವು ಈ ವಾದವನ್ನು ಒಪ್ಪಗೊಡುವುದಿಲ್ಲ. 'ವಸುಧೈಕಬಾಂಧವ'ನೆನಿಸಿದ ರೇಚರಸನು ಮೊದಲು ಕಳಚುರ್ಯರ ಸಚಿವನು. 1180ರ ದಶಕದಲ್ಲಿ ಆ ರಾಜ್ಯವು ಅಳಿಯಿತು, ರೇಚರಸನು ಉಳಿದನು. ಆತನು ಬಲ್ಲಾಳನ ಆಶ್ರಯಕ್ಕೆ ಬಂದು, ಮುಪ್ಪಿನಲ್ಲಿ, ಅರಸಿಯಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಿಸಿ ಭೂಮಿಯನ್ನು ಬಿಟ್ಟನು. ಶಾಸನದ ಕಾಲ 1220: ಬಲ್ಲಾಳನು ತೀರಿಕೊಂಡ ವರ್ಷವೇ. ಒಡೆಯನನ್ನು ಕಳೆದುಕೊಂಡೂ ಬದುಕಿದವನನ್ನು ಆ ಕಾಲವು ಹೇಡಿಯೆಂದು ಹಳಿಯಲಿಲ್ಲ, ಜಗತ್ತಿಗೊಬ್ಬನೇ ಬಂಧುವೆಂದು ಕರೆಯಿತು.

ಬೇಲೂರು ಹಳೇಬೀಡುಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕಾಲೇಜುಗಳ ಪ್ರವಾಸಗಳು ಹೆಚ್ಚಿವೆ. ಅರಸೀಕೆರೆಯಲ್ಲಿ ರೈಲಿಳಿದು ಬರುವ ತಂಡಗಳು ಸಹಸ್ರಕೂಟದ ಬಸದಿಗೆ ಒಂದು ಗಂಟೆಯನ್ನು ಮೀಸಲಿಡಬಹುದು. ಹಳೇಬೀಡಿನಲ್ಲಿ ಲಕ್ಷ್ಮನ ಕಂಬವನ್ನು ನೋಡಿದ ಬಳಿಕ ಬಸ್ತಿಹಳ್ಳಿಗೆ ನಡೆದೇ ಹೋಗಬಹುದು.