ಬರೆದವರು ಹೋದ ಮೇಲೆ ಕೈಪಿಡಿಯ ಗತಿ

ಮುಕ್ತ ತಂತ್ರಾಂಶಗಳ ಕೈಪಿಡಿ ಕೆಟ್ಟಿದೆ ಎಂದಾಗಲೆಲ್ಲ ಸಿಗುವ ಸಮಜಾಯಿಷಿ ಒಂದೇ: ಬರೆಯುವವರಿಲ್ಲ. ಲಿನಕ್ಸ್‌ನ ಚರಿತ್ರೆ ಇದನ್ನು ಒಪ್ಪುವುದಿಲ್ಲ. 1990ರ ದಶಕದ ಆರಂಭದಲ್ಲೇ ಮ್ಯಾಟ್ ವೆಲ್ಷ್, ಲಾರ್ಸ್ ವಿರ್ಜೇನಿಯಸ್, ಮೈಕೆಲ್ ಜಾನ್ಸನ್ ಮುಂತಾದವರು ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್ ಕಟ್ಟಿದರು. ಮೋಡೆಮ್ ಜೋಡಿಸುವುದರಿಂದ ಹಿಡಿದು ಕರ್ನಲ್ ಕಂಪೈಲ್ ಮಾಡುವವರೆಗೆ ನೂರಾರು ‘ಹೌಟು’ಗಳು, ಅಂದರೆ ಹೇಗೆ ಮಾಡುವುದೆಂದು ತಿಳಿಸುವ ಕಿರುಕೈಪಿಡಿಗಳು, ಸ್ವಯಂಸೇವಕರಿಂದಲೇ ಬಂದವು. ಬರೆಯುವವರಿಗೆ ಅಲ್ಲಿ ಕೊರತೆಯಿರಲಿಲ್ಲ. ತೊಡಕು ಇದ್ದದ್ದು ಹೊಣೆ ಹಂಚಿದ ರೀತಿಯಲ್ಲಿ. ಪ್ರತಿ ಹೌಟುವಿಗೂ ಒಬ್ಬ ಲೇಖಕ. ಹೆಸರು ಅವರದು, ಹಕ್ಕುಸ್ವಾಮ್ಯ ಅವರದು, ತಪ್ಪು ಕಂಡವರು ಪತ್ರ ಬರೆಯಬೇಕಾದದ್ದೂ ಅವರಿಗೇ. ಲೇಖಕರ ಆಸಕ್ತಿ ಬೇರೆ ಕಡೆ ಹೊರಳಿದಾಗ ಹೌಟು ಇದ್ದಲ್ಲೇ ನಿಂತಿತು. ಓದುಗರಿಗೆ ತಪ್ಪು ಗೊತ್ತಿತ್ತು, ತಿದ್ದುವ ಸುಲಭ ದಾರಿ ಇರಲಿಲ್ಲ. ಕೈಪಿಡಿಯೇ ಇಲ್ಲದವನು ಬೇರೆಲ್ಲಾದರೂ ಕೇಳಿ ತಿಳಿದುಕೊಳ್ಳುತ್ತಾನೆ. ಹಳಸಿದ ಕೈಪಿಡಿ ಹಿಡಿದವನು ನಂಬಿ ಆಜ್ಞೆಗಳನ್ನು ಟೈಪಿಸುತ್ತಾನೆ. ನಮ್ಮ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಅದರ ದುರಸ್ತಿಗೆಂದು ಬಿಟ್ಟ ಭೂಮಿಯ ವಿವರವೂ ಇರುವುದುಂಟು. ಹೌಟುಗಳ ವ್ಯವಸ್ಥೆಯಲ್ಲಿ ಮೊದಲನೆಯದಷ್ಟೇ ಇತ್ತು.

ಆರ್ಚ್ ಲಿನಕ್ಸ್‌ನ ವಿಕಿಯನ್ನು ನಾನು ಮೆಚ್ಚುವುದು ದುರಸ್ತಿಗೂ ಅಲ್ಲಿ ಏರ್ಪಾಡಿದೆ ಎಂಬ ಕಾರಣಕ್ಕೆ. ಡೆಬಿಯನ್, ಫೆಡೋರಾದಂಥ ಬೇರೆ ಲಿನಕ್ಸ್‌ಗಳನ್ನು ಬಳಸುವವರೂ ಇಂದು ಉತ್ತರ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಯಾರು ಬೇಕಾದರೂ ತಿದ್ದಬಹುದು ಎಂಬುದರಿಂದಲೇ ಅದಕ್ಕೆ ಈ ಗುಣ ಬಂತು ಎನ್ನುವುದು ಅರ್ಧ ಸತ್ಯ. ಹಾಗೆ ತೆರೆದಿಟ್ಟು ಹಾಳುಬಿದ್ದ ವಿಕಿಗಳು ಬೇಕಾದಷ್ಟಿವೆ. ಇಲ್ಲಿ ಮೂರು ಮೂಲ ನಿಯಮಗಳಿವೆ: ಪ್ರತಿ ತಿದ್ದುಪಡಿಗೂ ಕಾರಣ ಬರೆಯಬೇಕು, ದೊಡ್ಡ ಬದಲಾವಣೆಯನ್ನು ಒಂದೇ ಏಟಿಗೆ ಮಾಡಬಾರದು, ಪುಟವನ್ನೇ ಹೊಸದಾಗಿ ಬರೆಯುವುದಾದರೆ ಚರ್ಚಾಪುಟದಲ್ಲಿ ಮೊದಲು ತಿಳಿಸಬೇಕು. ಇವಕ್ಕಿಂತ ಮುಖ್ಯವಾದದ್ದು ಅನುಮಾನಕ್ಕೆ ಅಲ್ಲಿ ಸಿಕ್ಕಿರುವ ಜಾಗ. ತಿದ್ದುವಷ್ಟು ತಿಳಿಯದ ಓದುಗ ಕೂಡ ‘ಇದು ಹಳತಾಗಿದೆ’, ‘ಇದರ ನಿಖರತೆ ಸಂಶಯಾಸ್ಪದ’ ಎಂಬ ಚೀಟಿಯನ್ನು ಕಾರಣಸಮೇತ ಆ ಭಾಗಕ್ಕೆ ಅಂಟಿಸಬಹುದು. ಮುಂದಿನ ಓದುಗ ಎಚ್ಚರವಾಗುತ್ತಾನೆ, ಬಲ್ಲವರಿಗೆ ಕೆಲಸ ಎಲ್ಲಿದೆಯೆಂದು ಗೊತ್ತಾಗುತ್ತದೆ. ತಂತ್ರಾಂಶದ ಜೊತೆಗೇ ಬರುವ ಮ್ಯಾನ್ ಪುಟದಲ್ಲಿ ಆಗಲೇ ಇರುವುದನ್ನು ನಕಲಿಸದೆ ಅದಕ್ಕೆ ಕೊಂಡಿ ಕೊಡಬೇಕೆಂಬ ಕಟ್ಟುಪಾಡೂ ಇದೇ ವಿವೇಕದ್ದು. ಬರೆದ ಪ್ರತಿ ಸಾಲನ್ನೂ ಮುಂದೆ ಯಾರೋ ಕಾಯಬೇಕಲ್ಲ.

ಹಲವರು ಕೈಹಾಕಿದರೆ ಬರಹ ಒಂದು ದನಿ ಕಳೆದುಕೊಳ್ಳುತ್ತದೆ, ಒಬ್ಬ ಸಮರ್ಥ ಸಂಪಾದಕನೇ ಮೇಲು ಎಂದು ವಾದಿಸುವವರು ಲಿನಕ್ಸ್ ಮ್ಯಾನ್ ಪುಟಗಳನ್ನು ತೋರಿಸಬಹುದು. ಮೈಕೆಲ್ ಕೆರಿಸ್ಕ್ 2004ರಿಂದ ಹದಿನೈದು ವರ್ಷಕ್ಕೂ ಮೀರಿ ಅವುಗಳನ್ನು ನೋಡಿಕೊಂಡರು; ಅವುಗಳ ಖಚಿತತೆಯಲ್ಲಿ ಅವರ ಕೈ ಕಾಣುತ್ತದೆ, ನಿಜ. ಆದರೆ ಕೆರಿಸ್ಕ್ ಆ ಹೊಣೆಯನ್ನು ಪಡೆದದ್ದು ಆಂಡ್ರಿಸ್ ಬ್ರೌವರ್ ಅವರಿಂದ, ಕೆರಿಸ್ಕ್ ನಂತರ ಅದು ಅಲೆಹಾಂಡ್ರೊ ಕೊಲೊಮಾರ್ ಅವರಿಗೆ ಹೋಯಿತು. ಹೊರಗಿನವರ ತಿದ್ದುಪಡಿಗಳು ಉದ್ದಕ್ಕೂ ಬಂದು ಸೇರುತ್ತಲೇ ಇದ್ದವು. ಅಲ್ಲಿ ಸಂಪಾದಕ ಒಡೆಯನಲ್ಲ; ವ್ಯಕ್ತಿ ಬದಲಾದರೂ ಸ್ಥಾನ ಉಳಿಯಿತು. ಹೊಣೆ ಒಬ್ಬ ವ್ಯಕ್ತಿಗೇ ಅಂಟಿರಬಾರದೆಂಬ ನನ್ನ ವಾದವನ್ನು ಈ ಉದಾಹರಣೆ ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆರ್ಚ್‌ನಲ್ಲಿ ಎಲ್ಲರೂ ಬಳಸುವುದು ಸದಾ ಹೊಸದಾಗುತ್ತಿರುವ ಒಂದೇ ಆವೃತ್ತಿಯನ್ನು. ಹಲವು ಆವೃತ್ತಿಗಳು ಒಟ್ಟಿಗೆ ಚಾಲ್ತಿಯಲ್ಲಿರುವ ಯೋಜನೆಗೆ ಈ ಮಾದರಿ ಹೊಂದದು. ಒಪ್ಪಬೇಕಾದ ಮಾತು. ಅಂಥ ಕಡೆ ಜಾಲತಾಣ ಕಟ್ಟುವ ಚೌಕಟ್ಟಾದ ಜ್ಯಾಂಗೋದ ಕ್ರಮ ಸರಿ: ಕೈಪಿಡಿ ಕೋಡ್ ಇರುವ ಭಂಡಾರದಲ್ಲೇ ಇರುತ್ತದೆ, ವಿವರಣೆ ಬರೆಯದ ಹೊಸ ಸೌಲಭ್ಯವನ್ನು ಸೇರಿಸಿಕೊಳ್ಳುವುದಿಲ್ಲ. ಸಾಧನ ಬೇರೆಯಾದರೂ ಹಳಸುವಿಕೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಬುದ್ಧಿ ಒಂದೇ. ಗ್ನೋಮ್ ಡೆಸ್ಕ್‌ಟಾಪ್‌ನ ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರಿಗೆ ಇದು ಹೊಸತಲ್ಲ. ಅವರು ಬಳಸುವ ಅನುವಾದ ಸಾಧನವಾದ ಗೆಟ್‌ಟೆಕ್ಸ್ಟ್, ಮೂಲ ಇಂಗ್ಲಿಷ್ ವಾಕ್ಯ ತುಸು ಬದಲಾದರೆ ಹಳೆಯ ಕನ್ನಡ ವಾಕ್ಯಕ್ಕೆ ‘ಫಜ್ಜಿ’ (ಅಸ್ಪಷ್ಟ) ಎಂದು ಗುರುತು ಹಾಕುತ್ತದೆ. ಅನುವಾದಕರು ನೋಡಿ ಒಪ್ಪುವವರೆಗೆ ಪರದೆಯ ಮೇಲೆ ಇಂಗ್ಲಿಷೇ ಕಾಣುತ್ತದೆ. ಕನ್ನಡ ಮಾಯವಾಯಿತಲ್ಲ ಎಂದು ಬೇಸರವಾದರೂ ತಪ್ಪು ಕನ್ನಡಕ್ಕಿಂತ ಅದು ವಾಸಿ.

ಆರ್ಚ್ ವಿಕಿಯ ಬಗ್ಗೆ ನನಗಿರುವ ತಕರಾರು ಬೇರೆ. ಹೊಸಬರಿಗೆಂದೇ ಹಂತಹಂತವಾಗಿ ಬಿಡಿಸಿ ಹೇಳುತ್ತಿದ್ದ ಆರಂಭಿಕರ ಮಾರ್ಗದರ್ಶಿಯನ್ನು 2016ರಲ್ಲಿ ಕೈಬಿಟ್ಟು, ಅಡಕವಾದ ಅನುಸ್ಥಾಪನಾ ಮಾರ್ಗದರ್ಶಿಯೊಂದನ್ನೇ ಉಳಿಸಿಕೊಂಡರು. ಒಂದೇ ವಿಷಯದ ಎರಡು ಪುಟಗಳನ್ನು ಕಾಯುವ ಹೊರೆ ಇದರಿಂದ ಇಳಿಯಿತು ಎನ್ನುವುದನ್ನು ಅಲ್ಲಗಳೆಯಲಾರೆ. ಆದರೆ ಅವೆರಡೂ ಒಂದೇ ಕೆಲಸ ಮಾಡುತ್ತಿರಲಿಲ್ಲ. ಬಲ್ಲವನಿಗೆ ಬೇಕಾದದ್ದು ನೆನಪೋಲೆ, ಕಲಿಯುವವನಿಗೆ ಬೇಕಾದದ್ದು ಜೊತೆಗೆ ನಡೆಯುವ ಪಾಠ. ಜ್ಯಾಂಗೋ ಪಾಠವನ್ನೂ ಆಕರವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡು ಎರಡನ್ನೂ ಕಾಯುತ್ತಾ ಬಂದಿದೆ. ಪುಟಗಳನ್ನು ಅಷ್ಟು ಚೆನ್ನಾಗಿ ಕಾಯಬಲ್ಲ ಆರ್ಚ್ ಸಮುದಾಯಕ್ಕೆ ಅದು ಶಕ್ತಿ ಮೀರಿದ ಕೆಲಸವಾಗಿತ್ತು ಎಂದು ನನಗನ್ನಿಸುವುದಿಲ್ಲ.