ಘಟಕ ಪರೀಕ್ಷೆಯಲ್ಲಿ ಕಂಟೇನರ್‌ಗೇನು ಕೆಲಸ?

ಅಂಕಪಟ್ಟಿ ತಯಾರಿಸುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳಿ. ಸರಾಸರಿ ಲೆಕ್ಕಹಾಕುವ ಭಾಗಕ್ಕೆ ಅಂಕಗಳನ್ನು ಒದಗಿಸುವ ಇನ್ನೊಂದು ಭಾಗ ಬೇಕು. ಅದನ್ನು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವ ಕ್ರಮವೇ ‘ಡಿಪೆಂಡೆನ್ಸಿ ಇಂಜೆಕ್ಷನ್’. ಈ ಹೆಸರನ್ನು ಮಾರ್ಟಿನ್ ಫೌಲರ್ 2004ರ ಲೇಖನವೊಂದರಲ್ಲಿ ಪ್ರಚಾರಕ್ಕೆ ತಂದರು. ಭಾಗಗಳನ್ನು ಹೀಗೆ ಜೋಡಿಸಿಕೊಡುವ ವ್ಯವಸ್ಥೆಯೇ ಕಂಟೇನರ್. ಜಾವಾದ ‘ಸ್ಪ್ರಿಂಗ್’ ಇದಕ್ಕೆ ಹೆಸರಾಂತ ಉದಾಹರಣೆ.

ಈ ಕ್ರಮದ ದೊಡ್ಡ ಲಾಭವೆಂದರೆ ಪರೀಕ್ಷೆಯ ಸರಳತೆ. ಡೇಟಾಬೇಸ್‌ನ ಬದಲು 40, 50, 60 ಎಂಬ ಅಂಕಗಳನ್ನಷ್ಟೇ ಕೊಡುವ ನಕಲಿ ಭಾಗವನ್ನು ಕೈಯಾರೆ ಜೋಡಿಸಿ. ಸರಾಸರಿ 50 ಬಂತೇ? ಪರೀಕ್ಷೆ ಮುಗಿಯಿತು. ಕಂಟೇನರ್ ಬೇಕಾಗಲೇ ಇಲ್ಲ.

ಆದರೂ ಇಷ್ಟಕ್ಕೇ ಇಡೀ ಕಂಟೇನರನ್ನು ಚಾಲೂ ಮಾಡುವ ರೂಢಿ ಬೆಳೆದಿದೆ. ಇದು ಸರಿಯಲ್ಲ. ಕಾಲ ಉಳಿಸಲೆಂದು ಸ್ಪ್ರಿಂಗ್, ಒಂದೇ ವಿನ್ಯಾಸದ ಪರೀಕ್ಷೆಗಳಿಗೆಲ್ಲ ಒಂದೇ ಕಂಟೇನರನ್ನು ಮತ್ತೆ ಮತ್ತೆ ಬಳಸುತ್ತದೆ. ಆಗ ಒಂದು ಪರೀಕ್ಷೆ ಬದಲಿಸಿದ ಸ್ಥಿತಿ ಮುಂದಿನದಕ್ಕೂ ಅಂಟಬಹುದು. ತೊಳೆಯದ ಪ್ರನಾಳದಲ್ಲಿ ಮುಂದಿನ ಪ್ರಯೋಗ ಮಾಡಿದಂತೆ! ಒಂಟಿಯಾಗಿ ಗೆದ್ದ ಪರೀಕ್ಷೆ ಗುಂಪಿನಲ್ಲಿ ಸೋಲುತ್ತದೆ. ‘ಡರ್ಟೀಸ್‌ಕಾಂಟೆಕ್ಸ್ಟ್’ ಎಂಬ ಗುರುತು ಹಾಕಿದರೆ ಹಳೆಯ ಕಂಟೇನರ್ ಹೋಗಿ ಹೊಸದು ಬರುತ್ತದೆ, ನಿಜ. ಆದರೆ ಉಳಿಸಿದ ಕಾಲವೂ ಅದರೊಂದಿಗೇ ಹೋಗುತ್ತದೆ.

ಹಾಗೆಂದು ಕಂಟೇನರ್ ಸಹಿತ ಪರೀಕ್ಷೆಯೇ ಬೇಡವೆನ್ನಲಾಗದು. ಜೋಡಣೆಯ ತಪ್ಪುಗಳು ಸಿಕ್ಕಿಬೀಳುವುದು ಅಲ್ಲಿಯೇ. ಅಂಥ ಕೆಲವನ್ನು ಸಂಯೋಜಿತ ಪರೀಕ್ಷೆಗಳೆಂದು ಬೇರೆಯಾಗಿಡಿ. ಘಟಕ ಪರೀಕ್ಷೆಗೂ ಕಂಟೇನರ್ ಅನಿವಾರ್ಯ ಎನಿಸಿದರೆ, ಆ ಭಾಗ ಅತಿಯಾದ ಅವಲಂಬನೆಗಳನ್ನು ಹೊತ್ತಿದೆಯೇ ಎಂದು ಮೊದಲು ನೋಡಿ.